ಉರಿಯದ ಕೆಂಪು ದೀಪ

"ಇನ್ನೂ ಎಷ್ಟು ಹೊತ್ತು ಹೀಗೆ ತಲೆಕೆಳಗಾಗಿ ಬಿದ್ದಿರ್ತೀರಿ?"

ಇನ್ಸ್‌ಪೆಕ್ಟರನ ಬೂಟು ಕಾರಿನ ಬಾಗಿಲ ಪಕ್ಕ ಎರಡು ಸಲ ನೆಲ ಬಡಿಯಿತು. ಒಳಗಿದ್ದವಳು ಉತ್ತರ ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲೂ ಇರಲಿಲ್ಲ. ಅವಳ ತುಟಿಗಳ ನಡುವೆ ನಾಲ್ಕು ಪ್ಲಾಸ್ಟಿಕ್ ಕ್ಲಿಪ್ಪುಗಳಿದ್ದವು. ದರ್ಜಿಗಳು ಗುಂಡುಪಿನ್ನು ಕಚ್ಚಿಕೊಂಡು ಹೊಲಿಯುವ ಹಾಗೆ ಇಪ್ಪತ್ತೆರಡು ವರ್ಷ ಕ್ಲಿಪ್ಪು ಕಚ್ಚಿಕೊಂಡೇ ಕಾರುಗಳ ಒಳಗೆಲಸ ಮಾಡಿದ್ದಕ್ಕೆ ಊರೆಲ್ಲ ಅವಳನ್ನು ಕ್ಲಿಪ್ಪಕ್ಕ ಅನ್ನುತ್ತಿತ್ತು. ಬೇರೆ ಗ್ಯಾರೇಜಿನವರು ಕೈಯಾರೆ ಕೆಡಿಸಿ ಕಳಿಸಿದ್ದನ್ನು ಸರಿಮಾಡುವುದೇ ಅವಳ ಹೊಟ್ಟೆಪಾಡು. ಅಲುಗಾಡುವ ಮುಚ್ಚಳ, ಕಿರುಗುಟ್ಟುವ ಸೀಟು, ತಾನಾಗಿ ಬಾಯಿ ಬಿಡುವ ಡ್ಯಾಶ್‌ಬೋರ್ಡ್ ಪೆಟ್ಟಿಗೆ.

ಇವತ್ತಿನ ಕಾರು ಠಾಣೆಯ ಹಿತ್ತಲಲ್ಲಿ ಬಿಸಿಲಿಗೆ ನಿಂತಿತ್ತು. ಮೂತಿ ಜಜ್ಜಿಹೋಗಿತ್ತು. ಹನ್ನೆರಡು ದಿನದ ಹಿಂದೆ ಅದು ಸೇತುವೆಯ ಕಟ್ಟೆಗೆ ಗುದ್ದಿದಾಗ ಓಡಿಸುತ್ತಿದ್ದ ಔಷಧಿ ಅಂಗಡಿ ಯಜಮಾನನ ಮುಖದ ಮುಂದೆ ಏರ್‌ಬ್ಯಾಗ್ ಬಿಚ್ಚಿಕೊಂಡಿತು. ಪಕ್ಕದಲ್ಲಿದ್ದ ಹೆಂಡತಿಯ ಮುಂದೆ ಬಿಚ್ಚಿಕೊಳ್ಳಲಿಲ್ಲ. ಆಕೆ ಆಸ್ಪತ್ರೆ ಮುಟ್ಟಲಿಲ್ಲ.

ಅದಕ್ಕೂ ಮೂರು ವಾರ ಮೊದಲು ಎಸಿಯ ಕೂಲಿಂಗ್ ಕಾಯಿಲ್ ಬದಲಾಯಿಸಲು ಇಡೀ ಡ್ಯಾಶ್‌ಬೋರ್ಡ್ ಬಿಚ್ಚಿ ಕೂಡಿಸಿದವನು ಕ್ಲಿಪ್ಪಕ್ಕನ ಸ್ವಂತ ಅಣ್ಣ. ಏರ್‌ಬ್ಯಾಗಿನ ವೈರು ಸಿಕ್ಕಿಸಲು ಮರೆತು ಒಂದು ಜೀವ ತೆಗೆದ ಎಂದು ಅವನ ಮೇಲೆ ಕೇಸು.

ಅಣ್ಣ ತಂಗಿ ಮಾತು ಬಿಟ್ಟು ಆರು ವರ್ಷವಾಗಿತ್ತು. ಅವಳನ್ನು ಇಲ್ಲಿಗೆ ಅಟ್ಟಿದವಳು ಅತ್ತಿಗೆ. ನಿನ್ನೆ ಬೆಳಿಗ್ಗೆ ವರ್ಕ್‌ಶಾಪಿನ ಹೊಸ್ತಿಲಾಚೆ ನಿಂತು, ಕೂತ್ಕೊಳ್ಳಿ ಅಂದರೂ ಕೂರದೆ ಹೇಳಿದ್ದಳು: "ನಿಮ್ಮಣ್ಣ ಮಾಡಿದ್ದು ಯಾವುದು, ಮಾಡದೆ ಇದ್ದದ್ದು ಯಾವುದು, ನಿನ್ನಷ್ಟು ಬಲ್ಲವರು ಯಾರೂ ಇಲ್ಲ. ಒಂದು ಸಲ ಆ ಕಾರು ನೋಡು. ಆಮೇಲೆ ಬೇಕಾದ್ರೆ ಇನ್ನೂ ಆರು ವರ್ಷ ಮಾತಾಡಬೇಡ."

"ಒಂದು ಗಂಟೆ ಅಂದಿದ್ದೆ. ಐವತ್ತು ನಿಮಿಷ ಆಯ್ತು," ಇನ್ಸ್‌ಪೆಕ್ಟರ್ ಬಗ್ಗಿ ಒಳಗೆ ಇಣುಕಿದ. "ತಂಗಿ ಬಂದು ಅಣ್ಣನ ತಪ್ಪು ಒರೆಸಿ ಹೋದಳು ಅಂತ ಯಾರಾದ್ರೂ ಬರೆದ್ರೆ ನನ್ನ ತಲೆ ಹೋಗುತ್ತೆ."

ಅವಳು ಕ್ಲಿಪ್ಪುಗಳನ್ನು ಅಂಗೈಗೆ ಉಗುಳಿದಳು.

"ಅವನ ತಪ್ಪು ಒರೆಸಿ ಒರೆಸಿ ನನಗೂ ಸಾಕಾಗಿದೆ ಸರ್. ಇವತ್ತು ಎಣಿಸೋಕೆ ಬಂದಿದೀನಿ. ಯಜಮಾನರ ಪಟ್ಟಿ ನಿಮ್ಮ ಫೈಲಲ್ಲಿದೆಯಲ್ಲ, ಅದನ್ನ ಓದಿ."

ಫೈಲಿನ ಮೊದಲ ಹಾಳೆಯೇ ಅದು. ಗ್ಯಾರೇಜಿನಿಂದ ಕಾರು ಬಂದ ಐದನೇ ದಿನ ಔಷಧಿ ಅಂಗಡಿ ಯಜಮಾನ ತನ್ನ ಕೈಯಾರೆ ಬರೆದು ಅಣ್ಣನಿಗೆ ಕಳಿಸಿದ್ದ ದೂರುಗಳ ಪಟ್ಟಿ. ಒಂದು ನಕಲು ತಾನಿಟ್ಟುಕೊಂಡಿದ್ದ. ಹದಿನಾಲ್ಕು ದೂರು, ಒಂದೊಂದಕ್ಕೂ ಅಂಕಿ, ಅಡಿಯಲ್ಲಿ ಗೆರೆ. ಮಾತ್ರೆ ಎಷ್ಟು ಹೊತ್ತಿಗೊಮ್ಮೆ ನುಂಗಬೇಕೆಂದು ಬರೆದುಕೊಡುವ ಅಕ್ಷರ.

"ಒಂದು. ಸ್ಟೀರಿಂಗಿನ ಕೆಳಗಿನ ಮುಚ್ಚಳದಲ್ಲಿ ಉಗುರು ತೂರುವಷ್ಟು ಸಂದು."

"ಇದೆ. ಮುಂದೆ."

"ಎರಡು. ಎಸಿಯ ಗಾಳಿ ಜಾಲರಿಯೊಳಗೆ ಟಿಕ್ ಟಿಕ್ ಸದ್ದು, ವೇಗ ನಲವತ್ತು ದಾಟಿದಾಗ."

ಅವಳು ಬೆರಳ ಗೆಣ್ಣಿನಿಂದ ಜಾಲರಿ ತಟ್ಟಿದಳು. ಎಳೆದಳು, ಅಲುಗಿಸಿದಳು. ಸದ್ದಿಲ್ಲ.

"ಇಲ್ಲ."

"ಇಲ್ಲ ಅಂದ್ರೆ?"

"ಯಾರೋ ಸರಿಮಾಡಿದಾರೆ. ಮುಂದೆ."

ಮೂರು, ಪೆಟ್ಟಿಗೆ ತಾನಾಗಿ ತೆರೆಯುತ್ತದೆ. ಈಗ ಭದ್ರವಾಗಿ ಮುಚ್ಚಿಕೊಳ್ಳುತ್ತಿತ್ತು. ನಾಲ್ಕು, ಚಾವಣಿಯ ಬಟ್ಟೆಗೆ ಗ್ರೀಸಿನ ಹೆಬ್ಬೆಟ್ಟು. ಅದು ಹಾಗೇ ಇತ್ತು, ಸಹಿ ಹಾಕಿದಷ್ಟು ಸ್ಪಷ್ಟವಾಗಿ. ಐದು, ಕಾಲಡಿಯ ಹಾಸಿನಲ್ಲಿ ಎಲ್ಲಿಯದೋ ತಿಳಿಯದ ಮೂರು ಸ್ಕ್ರೂ. ಅವು ಇನ್ನೂ ಅಲ್ಲೇ ಉರುಳಾಡುತ್ತಿದ್ದವು. ಒಂಬತ್ತು, ರೇಡಿಯೋದ ಒಂದು ಗುಂಡಿ ಒತ್ತಿದರೆ ಒಳಗೇ ಉಳಿಯುತ್ತದೆ. ಹದಿನಾಲ್ಕು, ಕಾರಿನೊಳಗೆ ಯಾರೋ ಸಿಗರೇಟು ಸೇದಿದ ವಾಸನೆ.

ಕೊನೆಗೆ ಲೆಕ್ಕ ಹೀಗೆ ನಿಂತಿತು: ಒಂಬತ್ತು ದೂರು ಹಾಗೇ ಇದ್ದವು, ಐದು ಸರಿಯಾಗಿದ್ದವು.

"ಪಟ್ಟಿ ಕಳಿಸಿದ ಮೇಲೆ ಈ ಕಾರು ಯಾರೂ ಮುಟ್ಟಿಲ್ಲ ಅಂತ ಯಜಮಾನರು ಹೇಳಿಕೆ ಕೊಟ್ಟಿದ್ದಾರೆ ಅಲ್ವಾ ಸರ್?"

"ಕೊಟ್ಟಿದ್ದಾರೆ." ಇನ್ಸ್‌ಪೆಕ್ಟರನ ದನಿಯಲ್ಲಿದ್ದ ಅವಸರ ತುಸು ತಗ್ಗಿತು.

"ಈ ಪಟ್ಟಿಯಲ್ಲಿ ಇಲ್ಲದೆ ಇರೋದು ಯಾವುದು ಅಂತ ನೋಡಿದ್ರಾ?"

"ಇಲ್ಲದ್ದನ್ನ ಹೇಗೆ ನೋಡ್ಲಿ?"

"ಏರ್‌ಬ್ಯಾಗಿನ ವೈರು ಬಿಟ್ಟುಹೋದ್ರೆ ಸ್ಪೀಡೋಮೀಟರ್ ಪಕ್ಕ ಒಂದು ಕೆಂಪು ದೀಪ ಉರಿಯುತ್ತೆ. ಆರೋದೇ ಇಲ್ಲ. ಜಾಲರಿಯ ಟಿಕ್ ಟಿಕ್ ಕೇಳಿಸಿಕೊಂಡ ಮನುಷ್ಯ, ಮೂರು ಸ್ಕ್ರೂ ಎಣಿಸಿದ ಮನುಷ್ಯ, ಕಣ್ಣೆದುರಿಗೆ ಉರಿಯೋ ಕೆಂಪು ದೀಪ ಬರೆಯದೆ ಬಿಡ್ತಾನಾ?"

ಇನ್ಸ್‌ಪೆಕ್ಟರ್ ಪಟ್ಟಿಯನ್ನು ಮತ್ತೆ ಮೇಲಿಂದ ಕೆಳಗೆ ಓದಿದ. ತುಟಿ ಅಲುಗುತ್ತಿತ್ತು.

"ಅಂದ್ರೆ ದೀಪ ಉರೀಲಿಲ್ಲ."

"ಉರೀಲಿಲ್ಲ. ಅಂದ್ರೆ ಆವತ್ತಿಗೆ ವೈರು ಸರಿಯಾಗೇ ಇತ್ತು. ನನ್ನಣ್ಣ ಸಿಕ್ಕಿಸಿದ್ದ. ಬನ್ನಿ, ತೋರಿಸ್ತೀನಿ."

ಅವಳು ಮೊದಲು ಡ್ರೈವರ್ ಕಡೆಯ ಪ್ಲಗ್ಗಿಗೆ ಟಾರ್ಚು ಬಿಟ್ಟಳು. ಅದು ಕಳಚದಂತೆ ಹಿಡಿಯುವ ಹಳದಿ ಬೀಗದ ಕಿವಿ ಮುರಿದಿತ್ತು. ಸುತ್ತ ಸ್ಕ್ರೂಡ್ರೈವರಿನಿಂದ ಪರಚಿದ ಗೆರೆಗಳು. "ಇದು ಅಣ್ಣನ ಕೈ. ಹುಟ್ಟಿದಾಗಿಂದ ಒಂದು ಬೀಗ ಮುರಿಯದೆ ಬಿಚ್ಚಿದವನಲ್ಲ."

ಆಮೇಲೆ ಪಕ್ಕದ ಸೀಟಿನ ಕಡೆ ಬಂದಳು. ಇಲ್ಲಿಯ ಪ್ಲಗ್ಗು ಬಿಚ್ಚಿಕೊಂಡು ನೇತಾಡುತ್ತಿತ್ತು, ನಿಜ. ಅಷ್ಟನ್ನು ನೋಡಿಯೇ ಠಾಣೆಯವರು ವರದಿ ಬರೆದಿದ್ದರು. ಆದರೆ ಅದರ ಬೀಗದ ಕಿವಿ ಮೊದಲೇ ಒಂದು ಸಲ ಮುರಿದಿದ್ದನ್ನು ಯಾರೋ ಅಂಟು ಹಾಕಿ ಕೂಡಿಸಿದ್ದರು. ತುದಿಗೆ ಉಣ್ಣೆಯಂಥ ಮೆತ್ತನೆಯ ಫೆಲ್ಟ್ ಪಟ್ಟಿ ಸುತ್ತಿದ್ದರು. ಕಾರು ಕುಲುಕಿದಾಗ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗಿ ಸದ್ದಾಗದಿರಲೆಂದು ಒಳಗೆಲಸದವರು ಸುತ್ತುವ ಪಟ್ಟಿ. ನಾಲ್ಕೂ ಮೂಲೆಗಳನ್ನು ದುಂಡಗೆ ಕತ್ತರಿಸಿದ್ದರು.

ಕ್ಲಿಪ್ಪಕ್ಕ ಪಟ್ಟಿಯನ್ನು ಬಿಡಿಸಿದಳು. ಪ್ಲಗ್ಗಿನ ಎರಡು ಕಾಲುಗಳ ನಡುವೆ ಅಕ್ಕಿಕಾಳಿನಷ್ಟು ದಪ್ಪದ ಒಂದು ಎಲೆಕ್ಟ್ರಿಕ್ ತುಣುಕು ಕೂತಿತ್ತು.

"ಇದೇನು?"

"ಇದು ಕಾರಿಗೆ ಸುಳ್ಳು ಹೇಳುತ್ತೆ ಸರ್. ಬ್ಯಾಗು ತೆಗೆದಿದ್ರೂ ಇದೆ ಅಂತ ನಂಬಿಸುತ್ತೆ. ದೀಪ ಉರಿಯಲ್ಲ. ಸೀಟು ಬಿಚ್ಚಿ ಹೊಲಿಯುವಾಗ ನಾವು ಒಂದು ದಿನದ ಮಟ್ಟಿಗೆ ಹಾಕ್ತೀವಿ. ಕೆಲಸ ಮುಗಿದ ತಕ್ಷಣ ತೆಗೀತೀವಿ. ಇದನ್ನ ಹಾಗೇ ಬಿಟ್ಟಿದಾರೆ."

"ನಾನು ನಂಬಲ್ಲ."

"ನಿಮ್ಮ ಕಾರು ಕೊಡಿ."

ಇನ್ಸ್‌ಪೆಕ್ಟರನ ಸ್ವಂತ ಕಾರು ಬೇವಿನ ಮರದ ನೆರಳಲ್ಲಿತ್ತು. ಅವನು ಬೀಗದ ಕೈ ಕೊಡುವ ಮುಂಚೆ ಎರಡು ಸಲ ಅವಳ ಮುಖ ನೋಡಿದ. ಅವಳು ಬ್ಯಾಟರಿಯ ವೈರು ತೆಗೆದು, ಗಡಿಯಾರ ನೋಡಿಕೊಂಡು ಕಟ್ಟೆಯ ಮೇಲೆ ಕೂತಳು.

"ಇನ್ನೇನು?"

"ಹತ್ತು ನಿಮಿಷ ಕಾಯಬೇಕು. ವೈರಲ್ಲಿ ಉಳಿದ ಕರೆಂಟು ಇಳೀಲಿ. ಇಲ್ಲಾಂದ್ರೆ ಬ್ಯಾಗು ನನ್ನ ಮುಖಕ್ಕೇ ಬಡಿಯುತ್ತೆ."

ಆ ಹತ್ತು ನಿಮಿಷದಲ್ಲೇ ಅಣ್ಣ ಬಂದ.

ಜಾಮೀನಿನ ಮೇಲಿದ್ದವನು ದಿನಾ ಮಧ್ಯಾಹ್ನ ಠಾಣೆಗೆ ಬಂದು ಸಹಿ ಹಾಕಬೇಕಿತ್ತು. ಸಹಿ ಹಾಕಿ, ಹಿತ್ತಲಲ್ಲಿ ತಂಗಿಯ ಉಪಕರಣದ ಚೀಲ ಕಂಡು, ನೇರ ನಡೆದು ಬಂದಿದ್ದ. ಅಗಲ ಎದೆಯ ಆಳು. ಹನ್ನೆರಡು ದಿನಕ್ಕೆ ಅಂಗಿ ಸಡಿಲವಾಗಿತ್ತು.

"ಇವಳನ್ನ ಯಾರು ಕರೆಸಿದ್ದು?" ಕೇಳಿದ್ದು ಇನ್ಸ್‌ಪೆಕ್ಟರನನ್ನು. ತಂಗಿಯ ಕಡೆ ನೋಡಲಿಲ್ಲ.

"ನಿನ್ನ ಹೆಂಡತಿ," ಅವಳೇ ಹೇಳಿದಳು.

"ನಾನು ಸಾರ್ ಹತ್ರ ಮಾತಾಡ್ತಿದೀನಿ."

"ಸಾರ್ ಕಾಯ್ತಿದಾರೆ. ನೀನು ಸಿಕ್ಕಿಸಿದ್ದ ವೈರನ್ನ ಯಾರು ಬಿಚ್ಚಿದ್ರು ಅಂತ ಕೇಳೋಕೆ."

"ನಾನು ಸಿಕ್ಕಿಸಿರಲಿಲ್ಲ. ಮರೆತೆ. ಎಷ್ಟು ಸಲ ಹೇಳೋದು? ಬರೆದುಕೊಳ್ಳಿ ಸಾರ್, ನಾನೇ ಮರೆತೆ. ತಪ್ಪು ನಂದು."

ಕ್ಲಿಪ್ಪಕ್ಕ ಕಟ್ಟೆಯಿಂದ ಇಳಿದಳು. ನಲವತ್ತಾರು ವರ್ಷದ ಬದುಕಿನಲ್ಲಿ ಅಣ್ಣನ ಬಾಯಲ್ಲಿ ಆ ಮಾತು ಅವಳು ಕೇಳಿರಲಿಲ್ಲ. ಮುರಿದ ಕ್ಲಿಪ್ಪಿಗೆ ಕಂಪನಿ ಕಾರಣ, ಗೀರಿಗೆ ಗಿರಾಕಿ ಕಾರಣ, ಸದ್ದಿಗೆ ರಸ್ತೆ ಕಾರಣ ಅನ್ನುತ್ತ ಬಂದವನು ಈಗ ಕೇಳದೆಯೇ ತಪ್ಪು ಹೊರುತ್ತಿದ್ದ.

"ಸುಳ್ಳು," ಅಂದಳು.

"ಏನು ಸುಳ್ಳು? ಊರೆಲ್ಲ ಸಾರಿದವಳು ನೀನೇ ಅಲ್ವಾ? ನಾನು ಬಿಚ್ಚಿದ ಕಾರಿನ ಬಾಗಿಲ ಹಲಗೆಯನ್ನ ನಿನ್ನ ಗೋಡೆಗೆ ಮೊಳೆ ಹೊಡೆದು ನೇತುಹಾಕಿ, 'ಹೀಗೆ ಕೆಲಸ ಮಾಡಬಾರದು' ಅಂತ ಬೋರ್ಡ್ ಬರೆಸಿದವಳು? ಬಂದ ಗಿರಾಕಿಗೆಲ್ಲ ತೋರಿಸಿ ನಕ್ಕವಳು? ಇವತ್ತು ನಾನೇ ಒಪ್ಕೋತಿದೀನಿ. ಸಂತೋಷ ಪಡು."

"ನೀನು ಒಪ್ಕೋತಿರೋ ತಪ್ಪು ನೀನು ಮಾಡಿದ್ದಲ್ಲ. ಮಾಡೋಕೆ ನಿನಗೆ ಬರಲ್ಲ."

"ಬಾಯಿ ಬಿಗಿಹಿಡಿ."

"ಬರಲ್ಲ ಕಣೋ! ಅಂಟು ಹಾಕಿ ಬೀಗ ಕೂಡಿಸೋದು, ಪಟ್ಟಿ ಸುತ್ತೋದು, ಸದ್ದಾಗದ ಹಾಗೆ ಕಟ್ಟೋದು. ನಿನ್ನ ಕೈಗೆ ಏಳು ಜನ್ಮಕ್ಕೂ ಬರಲ್ಲ. ಅಪ್ಪ ಹತ್ತು ವರ್ಷ ಕೂರಿಸಿಕೊಂಡು ಕಲಿಸಿದ್ರೂ ಬರಲಿಲ್ಲ. ಈ ಕೆಲಸ ಮಾಡಿದವರಿಗೆ ಕೈಯಿದೆ."

ಅಣ್ಣನ ಕುತ್ತಿಗೆಯ ನರ ಉಬ್ಬಿತು. ಹತ್ತಿರದಲ್ಲಿದ್ದ ಪೇದೆ ಒಂದು ಹೆಜ್ಜೆ ಮುಂದಿಟ್ಟ.

"ಹತ್ತು ನಿಮಿಷ ಆಯ್ತು," ಇನ್ಸ್‌ಪೆಕ್ಟರ್ ಹೇಳಿದ. "ಜಗಳ ಆಮೇಲೆ. ಮೊದಲು ತೋರಿಸಿ."

ಅವಳು ತೋರಿಸಿದಳು. ಅವನ ಕಾರಿನ ಪ್ಲಗ್ಗು ಬಿಚ್ಚಿ, ಬ್ಯಾಟರಿ ಸೇರಿಸಿ ಕೀಲಿ ತಿರುಗಿಸಿದಳು. ಕೆಂಪು ದೀಪ ಹೊತ್ತಿಕೊಂಡು ಉಳಿಯಿತು. ಮತ್ತೆ ಬ್ಯಾಟರಿ ತೆಗೆದು, ಮತ್ತೆ ಕಾದು, ತನ್ನ ಚೀಲದ ಡಬ್ಬಿಯಿಂದ ಅಂಥದೇ ತುಣುಕು ತೆಗೆದು ಪ್ಲಗ್ಗಿನ ಕಾಲುಗಳ ನಡುವೆ ಕೂರಿಸಿ ಕೀಲಿ ತಿರುಗಿಸಿದಳು. ದೀಪ ಒಂದೆರಡು ಕ್ಷಣ ಉರಿದು ಆರಿಹೋಯಿತು. ಬ್ಯಾಗಿನ ವೈರು ಅವಳ ಕೈಯಲ್ಲೇ ನೇತಾಡುತ್ತಿತ್ತು.

ಇನ್ಸ್‌ಪೆಕ್ಟರ್ ಆರಿದ ದೀಪವನ್ನೇ ನೋಡುತ್ತ ಕೂತ. ಆಮೇಲೆ ಅವಳ ಡಬ್ಬಿಯನ್ನು ನೋಡಿದ.

"ಈ ತುಣುಕು ನಿಮ್ಮ ಹತ್ರ ಇರುತ್ತೆ."

"ಇರುತ್ತೆ."

"ಈ ಫೆಲ್ಟ್ ಪಟ್ಟಿ?"

"ಅದೂ ಇರುತ್ತೆ."

"ಮೂಲೆ ದುಂಡಗೆ ಕತ್ತರಿಸೋದು?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಮೂಲೆ ಚೂಪಾಗಿದ್ದರೆ ಬಿಸಿಲಿಗೆ ಎದ್ದು ಬರುತ್ತದೆ, ದುಂಡಗಿದ್ದರೆ ಏಳುವುದಿಲ್ಲ. ಅದು ಅಪ್ಪ ಕಂಡುಕೊಂಡ ಉಪಾಯ. ಬೇರೆಲ್ಲೂ ಅವಳು ಅದನ್ನು ನೋಡಿರಲಿಲ್ಲ.

"ನಾನೂ ಹಾಗೇ ಕತ್ತರಿಸ್ತೀನಿ," ಅಂದಳು.

"ಈ ಊರಲ್ಲಿ ಇನ್ನು ಯಾರು?"

"ನಮ್ಮಪ್ಪ. ಅವರು ಹೋಗಿ ಒಂಬತ್ತು ವರ್ಷ ಆಯ್ತು."

"ಹಾಗಾದ್ರೆ ನೀವೊಬ್ಬರೇ." ಇನ್ಸ್‌ಪೆಕ್ಟರ್ ಕರವಸ್ತ್ರ ಬಿಡಿಸಿ, ಸತ್ತವಳ ಕಾರಿನ ಪಟ್ಟಿಯನ್ನೂ ತುಣುಕನ್ನೂ ಅದರ ಮೇಲೆ ಇಟ್ಟುಕೊಂಡು ಬಿಸಿಲಿಗೆ ಹಿಡಿದ. "ಅಣ್ಣನನ್ನ ಬಿಡಿಸೋಕೆ ಬಂದು ನಿಮ್ಮ ಕೈಯನ್ನೇ ನನಗೆ ತೋರಿಸಿಬಿಟ್ರಿ ಅಮ್ಮಾ."

ಅಷ್ಟರಲ್ಲಿ ಅಣ್ಣ ಹತ್ತಿರ ಬಂದಿದ್ದ. ಅವನೂ ಪಟ್ಟಿಯನ್ನು ನೋಡಿದ. ದುಂಡಗಿನ ಮೂಲೆಗಳನ್ನು ನೋಡಿದ. ಅವನ ಮುಖದಲ್ಲಿದ್ದ ಕೋಪವೆಲ್ಲ ಇಳಿದು ಬೇರೇನೋ ಬಂದು ಕೂತಿತು. ಕ್ಲಿಪ್ಪಕ್ಕ ಅದನ್ನು ಹೆದರಿಕೆ ಎಂದು ಗುರುತಿಸುವಷ್ಟರಲ್ಲಿ ಅವನ ಕೈ ಚಾಚಿತ್ತು.

ಕರವಸ್ತ್ರದ ಸಮೇತ ಬಾಚಿಕೊಂಡ. ನಾಲ್ಕು ದಾಪುಗಾಲಿಗೆ ಕಾಂಪೌಂಡು ಮುಟ್ಟಿದ. ಗೋಡೆಯಾಚೆ ಊರ ಕೊಳಚೆಯ ದೊಡ್ಡ ಕಾಲುವೆ ಹರಿಯುತ್ತಿತ್ತು. ಬೀಸಿ ಎಸೆದ.

"ಏಯ್!"

ಇಬ್ಬರು ಪೇದೆಗಳು ಅವನನ್ನು ಗೋಡೆಗೆ ಒತ್ತಿ ಹಿಡಿದರು. ಅವನು ಕೊಸರಾಡಲೇ ಇಲ್ಲ. ಇನ್ಸ್‌ಪೆಕ್ಟರ್ ಗೋಡೆ ಹತ್ತಿ ನೋಡಿದ. ಕೆಳಗೆ ಕಪ್ಪು ನೀರು ಸುಮ್ಮನೆ ಹರಿದುಹೋಗುತ್ತಿತ್ತು.

"ಬುದ್ಧಿ ಇದೆಯೇನೋ ನಿನಗೆ?" ಕ್ಲಿಪ್ಪಕ್ಕ ಕೂಗಿದಳು. "ನಿನ್ನನ್ನ ಉಳಿಸೋ ವಸ್ತು ಅದು!"

"ನನ್ನನ್ನ ಉಳಿಸು ಅಂತ ನಿನ್ನ ಕಾಲು ಹಿಡಿದಿದ್ನಾ?" ಗೋಡೆಗೆ ಒತ್ತಿದ ಕೆನ್ನೆಯಿಂದಲೇ ಅವನು ಹೇಳಿದ. ಆರು ವರ್ಷದಲ್ಲಿ ಮೊದಲ ಸಲ ನೇರವಾಗಿ ಅವಳ ಕಣ್ಣು ನೋಡಿದ. "ಎದ್ದು ಮನೆಗೆ ಹೋಗು. ಇನ್ನೊಂದು ಸಲ ಆ ಕಾರು ಮುಟ್ಟಿದ್ರೆ ನಿನ್ನ ಕೈ ಮುರೀತೀನಿ."

ಅವನನ್ನು ಲಾಕಪ್ಪಿಗೆ ತಳ್ಳಿದರು. ಜಾಮೀನು ರದ್ದು ಮಾಡಿಸುತ್ತೇನೆಂದು ಇನ್ಸ್‌ಪೆಕ್ಟರ್ ಒಳಗಿನಿಂದ ಯಾರಿಗೋ ಫೋನು ಮಾಡುತ್ತಿದ್ದ. ಬಿಡಿಸಲು ಬಂದ ಕ್ಲಿಪ್ಪಕ್ಕ ಅವನನ್ನು ಒಳಗೆ ಹಾಕಿಸಿದ್ದಳು. ಉಪಕರಣಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತ ಅವಳು ಆ ಹೆದರಿಕೆಯ ಮುಖವನ್ನೇ ಯೋಚಿಸಿದಳು.

ಅಣ್ಣ ತನಗಾಗಿ ಹೆದರುವವನಲ್ಲ. ತಂಗಿಗಾಗಿ ಹೆದರುವಷ್ಟು ಪ್ರೀತಿ ಉಳಿದಿಲ್ಲ.

ಹಾಗಾದರೆ ಆ ದುಂಡು ಮೂಲೆಯಲ್ಲಿ ಅವನು ಯಾರನ್ನು ಕಂಡ?

ಚೀಲದ ದಾರ ಎಳೆಯುತ್ತಿದ್ದ ಕೈ ನಿಂತಿತು. ಅಪ್ಪ ಕಲಿಸಿದ್ದು ಮಕ್ಕಳಿಬ್ಬರಿಗೆ ಮಾತ್ರವಲ್ಲ. ಅಣ್ಣನ ಮದುವೆಗೆ ಮುಂಚೆ ಎರಡು ವರ್ಷ ಅಪ್ಪನ ಅಂಗಡಿಯಲ್ಲಿ ಸೀಟಿನ ಬಟ್ಟೆ ಹೊಲಿಯಲು ಒಬ್ಬ ಹುಡುಗಿ ಬರುತ್ತಿದ್ದಳು. ಮಾತು ಕಡಿಮೆ, ಕತ್ತರಿ ಹಿಡಿದರೆ ಗೆರೆ ತಪ್ಪುತ್ತಿರಲಿಲ್ಲ. ಆ ಹುಡುಗಿಯನ್ನೇ ಅಣ್ಣ ಮದುವೆಯಾದದ್ದು.

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ಜಜ್ಜಿದ ಕಾರಿನೊಳಗೆ ಕೈ ತೂರಿಸಿದಳು. ಗಾಳಿ ಜಾಲರಿಯ ಹಿಂದೆ ಬೆರಳಿಗೆ ಮೆತ್ತನೆಯದು ತಗುಲಿತು. ದುಂಡು ಮೂಲೆಯ ಇನ್ನೊಂದು ಪಟ್ಟಿ. ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

*

ಅಣ್ಣನ ಗ್ಯಾರೇಜಿನ ಮುಂದಿನ ಕೋಣೆಯಲ್ಲಿ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಒಂದು ಮೂಲೆಯಲ್ಲಿ ಬಟ್ಟೆ ಹೊದಿಸಿದ ಹೊಲಿಗೆ ಯಂತ್ರ, ಅದರ ಮೇಲೆ ಟೆಲಿಫೋನು. ಹಿಂದಿನ ಶೆಡ್ಡಿನಲ್ಲಿ ಅರ್ಧ ಬಿಚ್ಚಿದ ಎರಡು ಕಾರುಗಳು ಅನಾಥವಾಗಿ ನಿಂತಿದ್ದವು.

ಅತ್ತಿಗೆ ಎದ್ದಳು. "ಬಿಟ್ರಾ?"

"ಒಳಗೆ ಹಾಕಿದ್ರು." ಕ್ಲಿಪ್ಪಕ್ಕ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಳು. "ಇದು ಯಾರದ್ದು ಅತ್ತಿಗೆ?"

ಅತ್ತಿಗೆ ಅದನ್ನು ಎತ್ತಿಕೊಂಡು ಬೆರಳಿನಿಂದ ಸವರಿದಳು. ಸುಳ್ಳು ಹುಡುಕುವ ಗೋಜಿಗೆ ಹೋಗಲಿಲ್ಲ.

"ನಂದು. ಜಾಲರಿ ಹಿಂದೆ ಇಟ್ಟಿದ್ದು."

"ಐದು ದೂರು ಸರಿಮಾಡಿದ್ದೂ ನೀವೇ?"

"ಐದಕ್ಕೇ ಟೈಮ್ ಸಿಕ್ಕಿದ್ದು." ಅತ್ತಿಗೆ ತಲೆಯೆತ್ತಿದಳು. "ಯಾಕೆ ಹಾಗೆ ನೋಡ್ತೀಯ? ನನ್ನ ಕೈ ಬರೀ ಅನ್ನ ಬೇಯಿಸೋಕೆ ಅಂದ್ಕೊಂಡಿದ್ಯಾ? ಆರು ವರ್ಷ ನಿನ್ನ ಗೋಡೆ ಮೇಲಿನ ಹಲಗೆ ನೋಡಿ ಜನ ನಕ್ಕರಲ್ಲ. ಹಾಗೆ ನಕ್ಕವರ ಮನೆ ಮನೆಗೆ ಹೋಗಿ, ಅವರ ಕಾರಲ್ಲಿ ಬಗ್ಗಿ ಕೂತು, ನಿಮ್ಮಣ್ಣ ಬಿಟ್ಟಿದ್ದನ್ನೆಲ್ಲ ಸರಿಮಾಡಿದವಳು ನಾನು. ಅವರಿಗೂ ಹೇಳದೆ. ಗಂಡ ಕೆಡಿಸಿದ್ದನ್ನ ಹೆಂಡತಿ ಕೂಡಿಸ್ತಾಳೆ ಅಂತ ಗೊತ್ತಾದ್ರೆ ಈ ಬಾಗಿಲಿಗೆ ಯಾರು ಬರ್ತಾರೆ? ಗ್ಯಾರೇಜು ಇವತ್ತಿಗೂ ತೆರೆದಿದ್ರೆ ನಿನ್ನ ನಗುವಿನಿಂದಲ್ಲ."

ಕ್ಲಿಪ್ಪಕ್ಕನಿಗೆ ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ತೋರಿಸಿಕೊಳ್ಳಲಿಲ್ಲ.

"ಜಾಲರಿ ಬಿಡಿ. ಏರ್‌ಬ್ಯಾಗಿನ ವೈರು?"

ಅತ್ತಿಗೆಯ ಕೈಯಲ್ಲಿ ಪಟ್ಟಿ ಮುದುರಿತು.

"ಅದನ್ನ ಯಾರು ನೋಡಿದ್ರು?"

"ನಾನು. ಇನ್ಸ್‌ಪೆಕ್ಟರ್. ನಿಮ್ಮ ಗಂಡ. ನಿಮ್ಮ ಫೆಲ್ಟ್ ಪಟ್ಟಿ, ತುಣುಕು ಎರಡೂ ಇದ್ದವು. ಅಣ್ಣ ಕಾಲುವೆಗೆ ಎಸೆದ. ಅದಕ್ಕೇ ಒಳಗಿದಾನೆ."

"ಇದ್ದವಾ?" ಅತ್ತಿಗೆ ನಿಧಾನವಾಗಿ ಕುರ್ಚಿಯ ಮೇಲೆ ಕೂತಳು. "ಇರೋಕೆ ಸಾಧ್ಯವೇ ಇಲ್ಲ. ನಿಮ್ಮಣ್ಣ ಹೋಗಿ ತೆಗೆದು ಬಂದಿದ್ರು."

"ಮೊದಲಿಂದ ಹೇಳಿ."

ಅತ್ತಿಗೆ ಹೇಳಿದಳು. ದೂರಿನ ಪಟ್ಟಿ ಬಂದಾಗ ಅಣ್ಣ ಅದನ್ನು ಮುದುರಿ ಬಿಸಾಡಿದ. ಅವಳು ಹೆಕ್ಕಿಕೊಂಡು, ಯಜಮಾನ ಅಂಗಡಿಯಲ್ಲಿರುವ ಹೊತ್ತು ನೋಡಿ ಅವರ ಮನೆಗೆ ಹೋದಳು. ಮನೆಯಲ್ಲಿ ಹೆಂಡತಿ ಒಬ್ಬಳೇ. ಜಾಲರಿ, ಪೆಟ್ಟಿಗೆ, ಸೀಟಿನ ಕಿರುಗುಟ್ಟು ಎಲ್ಲ ಸರಿಮಾಡುತ್ತಿರುವಾಗ ಆಕೆ ಬಂದು ಪಕ್ಕದಲ್ಲಿ ನಿಂತಳು.

"'ನಮ್ಮ ಮನೆಯವರಿಗೆ ಈ ಗಾಳಿ ಚೀಲದ ಭಯ,' ಅಂದ್ರು. 'ಗುರುತಿನವರ ಕಾರಲ್ಲಿ ನಿಂತ ಹಾಗೇ ಸಿಡಿದು ಮುಖ ಸುಟ್ಟಿತಂತೆ. ಅವತ್ತಿಂದ ಸ್ಟೀರಿಂಗ್ ಹಿಡಿಯುವಾಗ ಬೆವರ್ತಾರೆ. ತೆಗೆದುಬಿಡಿ. ದೀಪ ಮಾತ್ರ ಉರೀಬಾರದು, ಉರಿದ್ರೆ ಅದಕ್ಕೂ ಒಂದು ದೂರು ಬರೀತಾರೆ,' ಅಂತ ನಕ್ಕರು. ನಾನೂ ನಕ್ಕೆ. ಮಾವನ ಡಬ್ಬಿಯಲ್ಲಿ ಆ ತುಣುಕುಗಳಿದ್ದವು. ಹಾಕಿಕೊಟ್ಟೆ."

"ಪಕ್ಕದ ಕಡೆಗೆ."

"ಎರಡೂ ಕಡೆಗೆ."

ಹಿಂದಿನ ಶೆಡ್ಡಿನಲ್ಲಿ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಕ್ಲಿಪ್ಪಕ್ಕ ಮೇಜಿನ ಅಂಚು ಹಿಡಿದುಕೊಂಡಳು.

"ಕಾರು ಗುದ್ದಿದಾಗ ಡ್ರೈವರ್ ಕಡೆ ಬ್ಯಾಗು ಬಿಚ್ಚಿಕೊಂಡಿದೆ ಅತ್ತಿಗೆ."

"ಅದಕ್ಕೇ ಹೇಳ್ತಿದೀನಿ. ಮನೆಗೆ ಬಂದ ಮೇಲೆ ನನಗೆ ಮನಸ್ಸು ತಡೀಲಿಲ್ಲ. ಅವತ್ತು ಊಟಕ್ಕೆ ಕೂತಾಗ ನಿಮ್ಮಣ್ಣನಿಗೆ ಹೇಳಿಬಿಟ್ಟೆ. ತಟ್ಟೆ ತಳ್ಳಿ ಎದ್ದರು. 'ಜೀವ ಉಳಿಸೋ ವಸ್ತು ತೆಗೆದು ಬಂದಿದೀಯಲ್ಲ, ನಿನಗೆ ಹೇಳಿದ್ಯಾರು' ಅಂತ ಬಾಯಿಗೆ ಬಂದ ಹಾಗೆ ಬೈದ್ರು. ಮಾರನೇ ದಿನ ಬೆಳಿಗ್ಗೆ ಅವರೇ ಹೋದ್ರು. ಮಧ್ಯಾಹ್ನ ಬಂದು, 'ಎರಡೂ ಮತ್ತೆ ಸಿಕ್ಕಿಸಿ ಬಂದೆ, ಇನ್ನು ಬಾಯಿ ಮುಚ್ಕೊಂಡಿರು' ಅಂದ್ರು. ನಾನು ನಂಬಿದೆ. ನಂಬಿದ್ದಕ್ಕೇ ನಿನ್ನ ಬಾಗಿಲಿಗೆ ಬಂದೆ. ವೈರು ಇತ್ತು ಅಂತ ನೀನು ನೋಡಿ ಹೇಳ್ತೀಯ, ಅವರು ಬಿಡುಗಡೆ ಆಗ್ತಾರೆ ಅಂತ."

ಕ್ಲಿಪ್ಪಕ್ಕ ಮಧ್ಯಾಹ್ನದ ಮಾತುಗಳನ್ನು ಮತ್ತೆ ಒಂದೊಂದಾಗಿ ಜೋಡಿಸಿ ನೋಡಿದಳು.

ಮರೆತೆ ಅಂದಿದ್ದ ಅಣ್ಣ. ತಪ್ಪು ನಂದು ಅಂದಿದ್ದ. ಅವಳು ಮಧ್ಯಾಹ್ನವಿಡೀ ನಿಂತು ಅದನ್ನು ಸುಳ್ಳೆಂದು ಸಾಧಿಸಿದ್ದಳು. ಒಂದು ಕಡೆ ಸಿಕ್ಕಿಸಿ ಇನ್ನೊಂದು ಕಡೆ ಬಿಟ್ಟು ಬರುವುದು, ಬಂದು ಎಲ್ಲ ಆಯಿತೆನ್ನುವುದು, ಅದಕ್ಕಿಂತ ಅಣ್ಣನ ಸ್ವಭಾವ ಇನ್ನೊಂದಿಲ್ಲ. ಬದುಕಿನಲ್ಲಿ ಒಂದೇ ಒಂದು ಸಲ ಅವನು ನಿಜ ಹೇಳಿದ್ದ, ಹೆಂಡತಿಯ ಹೆಸರು ಬಾರದ ಹಾಗೆ ಹೇಳಿದ್ದ, ಅದನ್ನೂ ಅವಳು ನಂಬಲಿಲ್ಲ.

"ನಾವಿಬ್ಬರೂ ಠಾಣೆಗೆ ಹೋಗೋಣ," ಅಂದಳು. "ಇದ್ದದ್ದು ಇದ್ದ ಹಾಗೆ ಹೇಳಿ. ನಾನು ಜೊತೆಗಿರ್ತೀನಿ."

"ಆಯಮ್ಮ ತೆಗೀರಿ ಅಂದ್ರು ಅಂತ ಹೇಳಲಾ? ಸತ್ತವರು ಬಂದು ಹೌದು ಅಂತಾರಾ?" ಅತ್ತಿಗೆಯ ದನಿ ಒರಟಾಯಿತು. "ನನ್ನನ್ನೂ ಒಳಗೆ ಹಾಕಿಸಿ ಮನೆಗೆ ಹೋಗಿ ನಿದ್ದೆ ಮಾಡ್ತೀಯ. ನಿಮ್ಮಪ್ಪನ ಮಗಳೇ ನೀನು. ಕೆಲಸ ಸರಿಯಾಗಿದ್ರೆ ಸಾಕು, ಮನುಷ್ಯರು ಏನಾದ್ರೂ ಆಗಲಿ."

ಹೊಲಿಗೆ ಯಂತ್ರದ ಮೇಲಿನ ಫೋನು ರಿಂಗಾಯಿತು.

ಇಬ್ಬರೂ ಅದನ್ನೇ ನೋಡಿದರು. ಹತ್ತಿರವಿದ್ದ ಕ್ಲಿಪ್ಪಕ್ಕ ಎತ್ತಿಕೊಂಡಳು.

"ಓ, ನೀವೇ ಸಿಕ್ಕಿದ್ರಿ. ಒಳ್ಳೇದಾಯ್ತು," ಇನ್ಸ್‌ಪೆಕ್ಟರನ ದನಿಯಲ್ಲಿ ಮಧ್ಯಾಹ್ನದ ವ್ಯಂಗ್ಯ ಇರಲಿಲ್ಲ. "ನಿಮ್ಮಣ್ಣ ಹೇಳಿಕೆ ಬದಲಾಯಿಸಿದಾನೆ. ಬರೆದು ಸಹಿ ಹಾಕಿದಾನೆ."

"ಮರೆತೆ ಅಂತ ತಾನೇ?"

"ಅಲ್ಲ. ಮರೆತಿಲ್ಲ ಅಂತ. ಎರಡೂ ಸಿಕ್ಕಿಸೋಕೆ ಹೋಗಿದ್ನಂತೆ. ಡ್ರೈವರ್ ಕಡೆದು ಮುಗಿಸಿದ್ನಂತೆ. ಇನ್ನೊಂದು ಕಡೆದನ್ನ ಬೇಕಂತಲೇ ಬಿಟ್ನಂತೆ. ಬಿಡು ಅಂದವರು ಯಾರು ಗೊತ್ತಾ? ಸತ್ತುಹೋದ ಆಯಮ್ಮನೇ. 'ಅವರದು ಸಿಕ್ಕಿಸಿ, ನನ್ನದು ಹಾಗೇ ಇರಲಿ' ಅಂದ್ರಂತೆ."

ಕೋಣೆಗೆಲ್ಲ ಕೇಳುತ್ತಿದ್ದ ಆ ದನಿಗೆ ಕ್ಲಿಪ್ಪಕ್ಕ ಮರುಪ್ರಶ್ನೆ ಹಾಕಿದಳು. "ಇದಕ್ಕೆ ಸಾಕ್ಷಿ?"

"ಅದಕ್ಕೇ ಫೋನ್ ಮಾಡಿದ್ದು. ಆಯಮ್ಮ ಅದನ್ನ ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕೊಟ್ಟಿದಾರಂತೆ. ಯಾಕೆ ಹಾಗೆ ಮಾಡ್ತಿದೀನಿ ಅನ್ನೋದೂ ಅದರಲ್ಲಿದೆಯಂತೆ. ಚೀಟಿ ಹೆಂಡತಿ ಕೈಗೆ ಕೊಟ್ಟಿದೀನಿ, ಅವಳು ಓದಿದಾಳೆ, ಅವಳನ್ನೇ ಕೇಳಿ ಅಂತಾನೆ. ನಿಮ್ಮತ್ತಿಗೆ ಅಲ್ಲೇ ಇದಾರಾ?"

ಬೆನ್ನ ಹಿಂದೆ ಕಬ್ಬಿಣ ಕಿರುಗುಟ್ಟಿತು. ಕೋಣೆಯೊಳಗಿನ ಬಿಸಿಲು ನೆಲದ ಮೇಲೆ ಕುಗ್ಗುತ್ತ ಕುಗ್ಗುತ್ತ ಬಾಗಿಲ ಕಡೆಗೆ ಹಿಂದೆ ಸರಿಯಿತು.

ಅವಳು ತಿರುಗಿ ನೋಡಿದಳು. ಅತ್ತಿಗೆ ಒಳಗಿನಿಂದ ರೋಲಿಂಗ್ ಷಟರ್ ಅನ್ನು ಪೂರ್ತಿ ಎಳೆದು, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ಫೋನ್ ಇಡು," ಅಂದಳು. "ಆ ಚೀಟಿ ಈ ಬಾಗಿಲು ದಾಟಲ್ಲ."